ಕಿಡ್ನಾಪ್ ಕೇಸ್: ಶಿಕ್ಷೆ ದೊಡ್ಡದು, ಸಾಕ್ಷಿ ಇಲ್ಲದಿದ್ರೆ ಸೊನ್ನೆ

ಕೊಳ್ಳೇಗಾಲ: "ಮಕ್ಕಳ ಕಳ್ಳರು ಬಂದವ್ರೆ, ಹುಷಾರು" ಅನ್ನೋ ವಾಟ್ಸ್ಆ್ಯಪ್ ಮೆಸೇಜ್ ತಾಲ್ಲೂಕಿನ ಗ್ರೂಪುಗಳಲ್ಲಿ ಆಗಾಗ ಸುತ್ತು ಹೊಡೆಯುತ್ತಲೇ ಇರುತ್ತೆ. ಫಾರ್ವರ್ಡ್ ಮಾಡೋಕೆ ಎಲ್ಲರೂ ರೆಡಿ. ಆದರೆ ನಿಜವಾಗಿಯೂ ಒಂದು ಮಗು ಕಾಣೆಯಾದರೆ ಠಾಣೆಯಲ್ಲಿ ಏನು ಕೇಳಬೇಕು, ಯಾವ ಸೆಕ್ಷನ್ ಬೀಳುತ್ತೆ, ಕೇಸ್ ಎಲ್ಲಿ ಬಿದ್ದು ಹೋಗುತ್ತೆ ಅನ್ನೋದು ಗೊತ್ತಿರೋರು ಕಮ್ಮಿ.

ಚಾಮರಾಜನಗರ ಜಿಲ್ಲೆಗೆ ಅಪಹರಣ ಹೊಸ ಮಾತೇನಲ್ಲ. 2000ನೇ ಇಸವಿ ಜುಲೈ 30ರ ರಾತ್ರಿ ಗಡಿಯಾಚೆಯ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಎತ್ತಿಕೊಂಡು ಹೋದ. 108 ದಿನ ಇಡೀ ರಾಜ್ಯ ಉಸಿರು ಬಿಗಿಹಿಡಿದು ಕೂತಿತ್ತು. 2002ರ ಆಗಸ್ಟ್ 25ರಂದು ಕಾಮಗೆರೆಯಿಂದ ಮಾಜಿ ಸಚಿವ ಎಚ್. ನಾಗಪ್ಪ ಅವರ ಅಪಹರಣವಾಯಿತು. ಡಿಸೆಂಬರ್ 8ರಂದು ಅವರು ಕಾಡಿನಲ್ಲಿ ಶವವಾಗಿ ಸಿಕ್ಕರು.

ರಾಜ್‌ಕುಮಾರ್ ಕೇಸಿನ ಕೊನೆ ಏನಾಯ್ತು ಅಂತ ಕೇಳಿದರೆ ಹಲವರಿಗೆ ನೆನಪಿಲ್ಲ. ತಮಿಳುನಾಡಿನ ಗೋಬಿಚೆಟ್ಟಿಪಾಳ್ಯಂ ಕೋರ್ಟ್ 2018ರ ಸೆಪ್ಟೆಂಬರ್ 25ರಂದು ತೀರ್ಪು ಕೊಟ್ಟಿತು. ಆರೋಪ ಸಾಬೀತಾಗಿಲ್ಲ ಅಂತ ಉಳಿದಿದ್ದ 9 ಆರೋಪಿಗಳೂ ಖುಲಾಸೆ. ಅಷ್ಟೊತ್ತಿಗೆ 18 ವರ್ಷ ಕಳೆದಿತ್ತು. ವೀರಪ್ಪನ್ 2004ರಲ್ಲೇ ಸತ್ತಿದ್ದ, ಅಣ್ಣಾವ್ರು 2006ರಲ್ಲಿ ತೀರಿಕೊಂಡಿದ್ದರು. ಎರಡು ಸರ್ಕಾರಗಳನ್ನು ಅಲ್ಲಾಡಿಸಿದ ಕೇಸಿನ ಗತಿಯೇ ಹೀಗಾದರೆ, ಸಾಮಾನ್ಯರ ಕೇಸಿನ ಗತಿ ಏನು?

ಸೆಕ್ಷನ್ ಬದಲಾಗಿದೆ

2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಳೆಯ 363ರ ಜಾಗದಲ್ಲಿ ಈಗ 137. ಹದಿನೆಂಟು ತುಂಬದ ಮಗುವನ್ನು ಪೋಷಕರ ಒಪ್ಪಿಗೆ ಇಲ್ಲದೆ ಕರೆದುಕೊಂಡು ಹೋದರೆ ಅದು ಕಿಡ್ನಾಪ್. ಮಗು ಖುಷಿಯಿಂದಲೇ ಹೋಗಿದ್ದರೂ ಅಷ್ಟೆ. ಹಿಂದೆ ಗಂಡು ಮಕ್ಕಳಿಗೆ ವಯಸ್ಸಿನ ಮಿತಿ 16 ಇತ್ತು, ಈಗ ಇಬ್ಬರಿಗೂ 18. ಶಿಕ್ಷೆ 7 ವರ್ಷದವರೆಗೆ.

ಇಲ್ಲಿ ಒಂದು ವಿಚಾರ ಗಮನಿಸಬೇಕು. ಬರೀ 137 ಹಾಕಿದರೆ ಅದು ಜಾಮೀನು ಸಿಗುವ ಅಪರಾಧ. ಆರೋಪಿ ಬೇಗ ಹೊರಗೆ ಬಂದರೆ "ಪೊಲೀಸರು ದುಡ್ಡು ತಿಂದ್ರು" ಅಂತ ಜನ ಮಾತಾಡ್ತಾರೆ. ಎಷ್ಟೋ ಸಲ ಕಾರಣ ಸೆಕ್ಷನ್‌ನಲ್ಲೇ ಇರುತ್ತೆ. ಭಿಕ್ಷೆಗಾಗಿ ಮಗುವನ್ನು ಕದ್ದರೆ 139, ಕನಿಷ್ಠ 10 ವರ್ಷ. ಬಲವಂತದ ಮದುವೆಗಾಗಿ ಹೆಣ್ಣನ್ನು ಹೊತ್ತೊಯ್ದರೆ 87, 10 ವರ್ಷದವರೆಗೆ. ಒತ್ತೆಹಣಕ್ಕಾದರೆ 140(2), ಮರಣದಂಡನೆ ಇಲ್ಲವೇ ಜೀವಾವಧಿ.

ಒತ್ತೆಹಣದ ಕೇಸ್ ಸಾಬೀತು ಮಾಡೋದು ಸುಲಭ ಅಲ್ಲ. ಎತ್ತಿಕೊಂಡು ಹೋಗಿ ದುಡ್ಡು ಕೇಳಿದ ಅಂತ ತೋರಿಸಿದರೆ ಸಾಲದು, ಕೊಲ್ಲುವ ಅಥವಾ ಹಿಂಸೆ ಕೊಡುವ ಬೆದರಿಕೆಯೂ ಇತ್ತು ಅಂತ ಸಾಬೀತಾಗಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ತೆಲಂಗಾಣದ ಕೇಸೊಂದರಲ್ಲಿ ಹೇಳಿತು. ಅದು ಹಳೆಯ 364ಎ ಮೇಲಿನ ತೀರ್ಪು, ಹೊಸ ಸೆಕ್ಷನ್‌ನ ಮಾತುಗಳೂ ಹೆಚ್ಚುಕಮ್ಮಿ ಅವೇ. ಅಂದರೆ ಬೆದರಿಕೆ ಕರೆ ಬಂದರೆ ಗಾಬರಿಯಲ್ಲಿ ಫೋನ್‌ನಿಂದ ಏನನ್ನೂ ಅಳಿಸಬಾರದು. ಆ ಕರೆ, ಆ ಮೆಸೇಜೇ ಕೇಸಿನ ಜೀವ.

'ನಾಳೆ ನೋಡೋಣ' ಅನ್ನುವಂತಿಲ್ಲ

"ನೆಂಟರ ಮನೇಲಿ ನೋಡಿ, ಸಿಗದಿದ್ರೆ ನಾಳೆ ಬನ್ನಿ" ಅನ್ನೋ ಮಾತಿಗೆ ಕಾನೂನಿನಲ್ಲಿ ಜಾಗವೇ ಇಲ್ಲ. ಮಗು ಕಾಣೆಯಾದ ದೂರು ಬಂದರೆ ಅಪಹರಣ ಅಂತಲೇ ಭಾವಿಸಿ ಎಫ್ಐಆರ್ ಮಾಡಬೇಕು ಎಂದು ಸುಪ್ರೀಂ ಕೋರ್ಟ್ 2013ರ ಮೇನಲ್ಲೇ ಆದೇಶಿಸಿದೆ. ಅದೇ ವರ್ಷ ನವೆಂಬರ್‌ನಲ್ಲಿ ಬಂದ ಲಲಿತಾ ಕುಮಾರಿ ತೀರ್ಪು, ಗಂಭೀರ ಅಪರಾಧದ ಮಾಹಿತಿ ಸಿಕ್ಕರೆ ಎಫ್ಐಆರ್ ಕಡ್ಡಾಯ ಎಂದಿತು. ಆ ಕೇಸ್ ಹುಟ್ಟಿದ್ದೂ ಒಬ್ಬ ಬಾಲಕಿಯ ಅಪಹರಣದ ದೂರನ್ನು ಪೊಲೀಸರು ಸರಿಯಾಗಿ ತೆಗೆದುಕೊಳ್ಳದ ಕಾರಣಕ್ಕೆ.

"ನಮ್ಮ ಸರಹದ್ದಲ್ಲ" ಅನ್ನೋ ಮಾತೂ ನಡೆಯಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 173ರ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಎಫ್ಐಆರ್ ಪ್ರತಿ ಉಚಿತವಾಗಿ ಕೊಡಬೇಕು. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ದೂರು ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟ್ ಇದೆ. ನಾಲ್ಕು ತಿಂಗಳಾದರೂ ಮಗು ಸಿಗದಿದ್ದರೆ ಕೇಸ್ ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ಹೋಗಬೇಕು. ತುರ್ತಿಗೆ 112, ಮಕ್ಕಳ ಸಹಾಯವಾಣಿ 1098.

ಓಡಿ ಹೋದ್ರೂ ಕಿಡ್ನಾಪಾ?

ಪ್ರೀತಿಸಿ ಮನೆ ಬಿಟ್ಟು ಹೋದ ಜೋಡಿಗಳ ಮೇಲೂ ಇದೇ ಸೆಕ್ಷನ್ ಬೀಳುತ್ತೆ. ಇಬ್ಬರಿಗೂ 18 ತುಂಬಿದ್ದು, ಬಲವಂತವೋ ಮೋಸವೋ ಇಲ್ಲದಿದ್ದರೆ ಕೇಸ್ ನಿಲ್ಲಲ್ಲ. ಹುಡುಗಿಗೆ 18 ಆಗಿಲ್ಲ ಅಂದರೆ ಕಥೆಯೇ ಬೇರೆ. 18 ತುಂಬಲು ಸ್ವಲ್ಪವೇ ಬಾಕಿಯಿದ್ದ ಹುಡುಗಿ ತಾನಾಗೇ ಬಂದಾಗ ಬರೀ ಜೊತೆಗೆ ಹೋದವನನ್ನು 'ಕರೆದೊಯ್ದವನು' ಅನ್ನಲಾಗದು ಎಂದು ಸುಪ್ರೀಂ ಕೋರ್ಟ್ ಮದ್ರಾಸಿನ ವರದರಾಜನ್ ಕೇಸಿನಲ್ಲಿ ಹಿಂದೆಯೇ ಹೇಳಿದೆ. ಆದರೆ ಪುಸಲಾಯಿಸಿದ್ದು ಸಾಬೀತಾದರೆ ಆ ರಕ್ಷಣೆ ಇಲ್ಲ. ದೈಹಿಕ ಸಂಪರ್ಕ ಇದ್ದರಂತೂ ಪೋಕ್ಸೊ ಬರುತ್ತೆ, ಅಲ್ಲಿ ಹುಡುಗಿಯ ಒಪ್ಪಿಗೆಗೆ ಬೆಲೆಯೇ ಇಲ್ಲ.

ಅಂಗಡಿಯ ಕ್ಯಾಮೆರಾ ದೊಡ್ಡ ಸಾಕ್ಷಿ

ಈಗ ಪೊಲೀಸರು ಮೊದಲು ಬರೋದು ರಸ್ತೆ ಬದಿಯ ಅಂಗಡಿಗೇ. ಕ್ಯಾಮೆರಾ ಎಲ್ಲರ ಅಂಗಡಿಯಲ್ಲೂ ಇದೆ, ಆದರೆ ಡಿವಿಆರ್‌ನಲ್ಲಿ ಹಳೆ ದೃಶ್ಯದ ಮೇಲೆ ಕೆಲವೇ ದಿನಗಳಲ್ಲಿ ಹೊಸದು ಕೂರುತ್ತೆ. ಕೂಡಲೇ ತೆಗೆದಿಡದಿದ್ದರೆ ಸಾಕ್ಷಿ ಹೋಯ್ತು. ಇನ್ನು, ಬರೀ ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟರೆ ಕೋರ್ಟ್ ಒಪ್ಪಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 63ರ ಪ್ರಕಾರ ಪ್ರಮಾಣಪತ್ರ ಬೇಕು. ಅದರಲ್ಲಿ ದೃಶ್ಯದ ಹ್ಯಾಷ್ ವ್ಯಾಲ್ಯೂ ಬರೆದು, ಮಾಲೀಕರ ಜೊತೆ ಒಬ್ಬ ತಜ್ಞರೂ ಸಹಿ ಮಾಡಬೇಕು. ಫಾರಂ ಕಾನೂನಿನಲ್ಲೇ ಇದೆ, ತನಿಖಾಧಿಕಾರಿಯನ್ನು ಕೇಳಿದರೆ ಮಾಡಿಸುತ್ತಾರೆ.

"ಕೋರ್ಟಿಗೆ ಅಲೆಯೋರು ಯಾರು, ವ್ಯಾಪಾರ ಹಾಳು" ಅನ್ನೋ ಮಾತು ಅರ್ಥವಾಗುವಂಥದ್ದೇ. ಹೇಳಿಕೆ ಕೊಟ್ಟವನು ವರ್ಷಗಳ ನಂತರ ಸಮನ್ಸ್ ಬಂದಾಗ ಬಾಗಿಲು ಮುಚ್ಚಿ ಹೋಗಬೇಕು, ಎದುರಿಗೆ ಆರೋಪಿ ನಿಂತಿರ್ತಾನೆ. ಹೆದರಿಕೆ ಇದ್ದರೆ ರಕ್ಷಣೆ ಕೇಳಬಹುದು. 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಸಾಕ್ಷಿ ರಕ್ಷಣಾ ಯೋಜನೆಯಡಿ ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿಗೆ ಅರ್ಜಿ ಹಾಕಬೇಕು. ಹೊಸ ಕಾಯ್ದೆಯ 398 ಕೂಡ ಪ್ರತಿ ರಾಜ್ಯಕ್ಕೂ ಇಂಥ ಯೋಜನೆ ಇರಬೇಕು ಅನ್ನುತ್ತೆ.

ಕೈಗೆ ಕಾನೂನು ತಗೊಂಡ್ರೆ

2018ರ ಮೇನಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಕೂಲಿ ಯುವಕನನ್ನು ಮಕ್ಕಳ ಕಳ್ಳ ಅಂತ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದ್‌ನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಸತ್ತರು. ಅವರ ಗುಂಪು ಮಾಡಿದ್ದು ಇಷ್ಟೇ, ಊರ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದು. ಈಗ ಭಾಷೆ, ಜಾತಿ, ಹುಟ್ಟಿದ ಊರಿನಂಥ ಕಾರಣಕ್ಕೆ ಐದು ಅಥವಾ ಹೆಚ್ಚು ಜನ ಸೇರಿ ಕೊಂದರೆ 103(2)ರಡಿ ಪ್ರತಿಯೊಬ್ಬರಿಗೂ ಮರಣದಂಡನೆ ಅಥವಾ ಜೀವಾವಧಿ. ಆ ಕಾರಣ ಇಲ್ಲದಿದ್ದರೂ ಕೊಲೆ ಕೊಲೆಯೇ.

ಪುಸ್ತಕದಲ್ಲಿ ಗಲ್ಲು ಶಿಕ್ಷೆವರೆಗೂ ಇದೆ. ಆದರೆ ಕೇಸ್ ಗೆಲ್ಲೋದು ಮೊದಲ ದಿನ ಬರೆದ ಎಫ್ಐಆರ್, ಸರಿಯಾಗಿ ಹಾಕಿದ ಸೆಕ್ಷನ್, ಕೋರ್ಟಿಗೆ ಬಂದು "ಹೌದು ಸ್ವಾಮಿ, ನಾನು ನೋಡಿದೆ" ಅನ್ನೋ ಒಬ್ಬ ಮನುಷ್ಯನಿಂದ. ಮೊದಲ ಎರಡು ಪೊಲೀಸರ ಕೆಲಸ. ಮೂರನೆಯದು ಬೀದಿಯಲ್ಲಿರೋ ನಮ್ಮ ನಿಮ್ಮಂಥವರದ್ದು.