ಸಿಪ್ಪೆಯ ಗುಣವೋ, ಮಣ್ಣಿನ ಕಬ್ಬಿಣವೋ?

ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರದ ಸುತ್ತಲಿನ ಸೀಮೆ ಶೇಂಗಾ ಬೆಳೆಯುವ ಸೀಮೆ. ಚಳ್ಳಕೆರೆಗೆ ಎಣ್ಣೆ ನಗರಿ ಎಂಬ ಹೆಸರು ಬಂದದ್ದೇ ಶೇಂಗಾದಿಂದ. ಕಾಯಿ ಸುಲಿದ ಮೇಲೆ ಉಳಿಯುವ ಸಿಪ್ಪೆ ಉರುವಲಾಗುತ್ತದೆ. ಇಂಥ ಸಿಪ್ಪೆಯನ್ನೇ ಗಾಳಿಯಾಡದಂತೆ ಕಾಯಿಸಿ ಇದ್ದಿಲು ಮಾಡಿ, ಅದಕ್ಕೆ ಸಾರಜನಕ ಸೇರಿಸಿದರೆ, ಇಂಧನದಿಂದ ನೇರವಾಗಿ ವಿದ್ಯುತ್ ಕೊಡುವ ಇಂಧನಕೋಶದಲ್ಲಿ ದುಬಾರಿ ಪ್ಲಾಟಿನಂ ಮಾಡುವ ಕೆಲಸವನ್ನು, ಅಂದರೆ ಆಮ್ಲಜನಕವನ್ನು ನೀರಾಗಿಸುವ ಕೆಲಸವನ್ನು, ಮಾಡಿಸಬಹುದೆಂಬ ಆಸೆ ವಿಜ್ಞಾನ ಲೋಕದಲ್ಲಿದೆ. ಆಸೆ ಒಳ್ಳೆಯದೇ. ಆದರೆ ಕಾರ್ಖಾನೆಯ ಮಾತಿಗೆ ಮೊದಲು ಒಂದು ಪ್ರಶ್ನೆ ಇತ್ಯರ್ಥವಾಗಬೇಕು: ಆ ಇದ್ದಿಲಿನಲ್ಲಿ ನಿಜವಾಗಿ ದುಡಿಯುವ ಪರಮಾಣು ಯಾವುದು?

ಈ ಪ್ರಶ್ನೆಗೆ ಅವಸರದ ಉತ್ತರ ಕೊಟ್ಟು ವಿಜ್ಞಾನಿಗಳೇ ಎಡವಿದ್ದಾರೆ. 2009ರಲ್ಲಿ ಲಿಮಿಂಗ್ ದಾಯ್ ತಂಡ, ಸಾರಜನಕ ಸೇರಿದ ಇಂಗಾಲದ ನ್ಯಾನೊ ನಳಿಕೆಗಳು ಕ್ಷಾರ ದ್ರಾವಣದಲ್ಲಿ ಪ್ಲಾಟಿನಂ ಅನ್ನೂ ಮೀರಿಸುತ್ತವೆ ಎಂದಿತು. ಆ ನಳಿಕೆಗಳನ್ನು ಬೆಳೆಸಿದ್ದು ಕಬ್ಬಿಣದ ಸಂಯುಕ್ತದಿಂದ. ಆಮೇಲೆ ಶುದ್ಧಿ ಮಾಡಿದ್ದರೂ, ಅಳಿದುಳಿದ ಕಬ್ಬಿಣದ್ದೇ ಕೆಲಸವಿರಬಹುದೆಂಬ ಶಂಕೆ ಹೋಗಲಿಲ್ಲ. 2016ರಲ್ಲಿ ಜಪಾನಿನ ನಕಮುರಾ ತಂಡ ಗ್ರಾಫೈಟ್ ಮಾದರಿಗಳ ಮೇಲೆ ಪರೀಕ್ಷಿಸಿ, ಅಂಚಿನ ಒಂದು ಬಗೆಯ ಸಾರಜನಕದ ಪಕ್ಕದ ಇಂಗಾಲವೇ ಸಕ್ರಿಯ ತಾಣ ಎಂದು ತೋರಿಸಿತು. 2020ರಲ್ಲಿ ಪ್ಯೂಮೆರಾ ತಂಡ ಇಂಗಾಲದ ತೆಳು ಹಾಳೆಯಾದ ಗ್ರಾಫೀನಿಗೆ ಹಕ್ಕಿ ಹಿಕ್ಕೆ ಬೆರೆಸಿ, ಅದರಿಂದಲೂ ಚುರುಕು ಹೆಚ್ಚುತ್ತದೆಂದು ತೋರಿಸಿ ಎಚ್ಚರಿಸಿತು: ಏನನ್ನೋ ಬೆರೆಸಿ ಫಲ ಕಂಡರೆ ಸಾಲದು, ಕಾರಣ ತಿಳಿಯಬೇಕು. ನಮ್ಮ ಶೇಂಗಾಕ್ಕೆ ಈ ಎಚ್ಚರಿಕೆ ಇನ್ನೂ ಹತ್ತಿರದ್ದು. ಅದು ಮಣ್ಣಿನೊಳಗೇ ಬಲಿಯುವ ಕಾಯಿ. ಸಿಪ್ಪೆಯ ಗೀರುಗಳಲ್ಲಿ ಕೆಮ್ಮಣ್ಣು ಕೂತಿರುತ್ತದೆ, ಆ ಕೆಂಪು ಬಣ್ಣವೇ ಕಬ್ಬಿಣದ್ದು.

ಕೆಲಸ ನಡೆದರೆ ಸಾಕು, ಯಾವ ಪರಮಾಣುವಾದರೇನು ಎನ್ನುವವರಿದ್ದಾರೆ. ಹಾಗಾದರೆ ಕೆಂಪು ನೆಲದ ಸಿಪ್ಪೆಯ ಇದ್ದಿಲು ಒಂದು ಬಗೆ, ಎರೆ ನೆಲದ್ದು ಇನ್ನೊಂದು ಬಗೆ ದುಡಿದಾಗ ಹೊಣೆ ಯಾರದು? ಸಾಲದ್ದಕ್ಕೆ, ಬಿಡಿಯಾಗಿ ಕರಗಿದ ಕಬ್ಬಿಣ ಕೋಶದೊಳಗೆ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿ ಇಂಧನಕೋಶದ ಪೊರೆಯನ್ನೇ ತಿನ್ನುತ್ತದೆ. ಇಂಧನಕೋಶದ ಕೆಲಸಕ್ಕೆ ತದ್ವಿರುದ್ಧವಾಗಿ, ನೀರನ್ನು ಒಡೆದು ಆಮ್ಲಜನಕ ಬಿಡಿಸುವ ಕಡೆ ಇಂಗಾಲ ತಾನೇ ಸವೆಯುತ್ತದೆ ಎಂಬ ಆಕ್ಷೇಪಣೆಯೂ ನಿಜ. ಅಲ್ಲಿ ಇಂಗಾಲವನ್ನು ನಂಬಿ ಕೂರಬಾರದು. ಇದರಿಂದ ರೈತನಿಗೇನು ಎಂದರೆ, ಇವತ್ತಿಗೆ ಏನೂ ಇಲ್ಲ. ಎಂಥ ಸಿಪ್ಪೆ ಬೇಕೆಂದು ಗೊತ್ತಾದ ದಿನವೇ ಅದಕ್ಕೆ ಬೆಲೆ ಕಟ್ಟಲು ಸಾಧ್ಯ.

ದನ-ಕುರಿ ಮೇಯುತ್ತಿದ್ದ ಅಮೃತಮಹಲ್ ಕಾವಲಿನ ನೆಲದಲ್ಲಿ, ಇದೇ ಸೀಮೆಯ ಕುದಾಪುರದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಗೆ ಸುಮಾರು 1,500 ಎಕರೆ ಸಿಕ್ಕಿದೆ. ಈ ಪ್ರಶ್ನೆಯನ್ನು ಅಲ್ಲಿಯೇ ಕೈಗೆತ್ತಿಕೊಳ್ಳಬೇಕು. ಒಂದೇ ಹೊಲದ ಸಿಪ್ಪೆಯಿಂದ ಎರಡು ಪಾಲು ಇದ್ದಿಲು ಮಾಡಿ, ಒಂದನ್ನು ಆಮ್ಲದಲ್ಲಿ ತೊಳೆದು, ಎರಡಕ್ಕೂ ಕಬ್ಬಿಣದ ತಾಣಗಳನ್ನು ಮುಚ್ಚಿಹಾಕುವ ಸಯನೈಡ್ ಪರೀಕ್ಷೆ ಮಾಡಲಿ. ಚುರುಕು ಕುಸಿದರೆ ಶ್ರೇಯ ಬಹುಪಾಲು ಕಬ್ಬಿಣಕ್ಕೆ, ಉಳಿದರೆ ಅದು ಇಂಗಾಲದ್ದಾಗಿರುವ ಸಂಭವ ಹೆಚ್ಚು. ಯಾವ ಉತ್ತರ ಬಂದರೂ ಅದನ್ನು ಈ ಸೀಮೆಯ ಜನರಿಗೆ ಕನ್ನಡದಲ್ಲಿ ತಿಳಿಸಲಿ.