ಯಾರೋ ಒಬ್ರು ಇಟ್ಟಿರ್ತಾರೆ ಬಿಡಿ!

“ಹೋದ್ರೆ ಹೋಯ್ತು ಬಿಡಿ ಮಾಮ, ಯಾರೋ ಒಬ್ರು ಸೇವ್ ಮಾಡಿ ಇಟ್ಟಿರ್ತಾರೆ.”

ಈ ವಾರ ನನ್ನ ಪಿತ್ತ ನೆತ್ತಿಗೇರಿಸಿದ ಮಾತು ಇದು. ಆಡಿದವನು ಅಕ್ಕನ ಮಗ. ಭಾನುವಾರ ಬಂತೆಂದರೆ ಗೆಳೆಯರನ್ನು ಕೂಡಿಹಾಕಿಕೊಂಡು, ಇಪ್ಪತ್ತು ಮುಖದ ದಾಳ ಉರುಳಿಸುತ್ತ ಮಧ್ಯರಾತ್ರಿಯವರೆಗೆ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುವ ಗುಂಪಿನವನು. ಅವರ ಆಟಕ್ಕೊಂದು ನಕ್ಷೆ ಬೇಕಿತ್ತಂತೆ. ‘ಡ್ರ್ಯಾಗನ್ ಪ್ಲಸ್’ ಎಂಬ ಆನ್‌ಲೈನ್ ಪತ್ರಿಕೆಯಲ್ಲಿ ಬಂದದ್ದು. ಪತ್ರಿಕೆಯೇ ಇಲ್ಲ, ನಕ್ಷೆ ಎಲ್ಲಿಂದ ಬರಬೇಕು? ಅವನಿಗೆ ಅದರಿಂದ ಕಿಂಚಿತ್ತೂ ಬೇಸರವಾಗಲಿಲ್ಲ. ಬೇಸರವಾದದ್ದು ಆ ಆಟದ ಗಂಧಗಾಳಿಯೂ ಇಲ್ಲದ ನನಗೆ.

ಆಟದ ಪತ್ರಿಕೆಗಳಿಗೆ ಇದು ಕೆಟ್ಟ ಕಾಲ. ಬೋರ್ಡ್ ಗೇಮ್‌ಗಳ ಬಗ್ಗೆಯೇ ಬರೆಯುತ್ತಿದ್ದ ಬ್ರಿಟನ್ನಿನ ‘ಡೈಸ್‌ಬ್ರೇಕರ್’ ಕಥೆ ಗೊತ್ತಿದೆಯಲ್ಲ, 2024ರ ಮೇ ತಿಂಗಳಲ್ಲಿ ಅದರ ಮಾತೃಸಂಸ್ಥೆಯನ್ನು ಐಜಿಎನ್ ಎಂಬ ದೊಡ್ಡ ಆಟದ ಜಾಲತಾಣ ಕೊಂಡುಕೊಂಡಿತು, ಕೆಲಸ ಕಡಿತ ಶುರುವಾಯಿತು, ಪತ್ರಿಕೆ ಮಂಕಾಯಿತು. ಮರುವರ್ಷದ ಮೇ ತಿಂಗಳಲ್ಲೇ ‘ಪಾಲಿಗಾನ್’ ಎಂಬ ಆಟದ ಜಾಲತಾಣ ಕೈ ಬದಲಾಯಿತು, ಅಲ್ಲೂ ಬರಹಗಾರರು ಬೀದಿಗೆ ಬಂದರು. ಸಣ್ಣವು ಇನ್ನೆಷ್ಟು ದಿನ ಎಂದು ಅವುಗಳ ಸಂಪಾದಕರಿಗೇ ಗೊತ್ತಿಲ್ಲ. ಪತ್ರಿಕೆ ಸಾಯುವುದು ಹೊಸತೇನಲ್ಲ. ಕನ್ನಡದಲ್ಲಿ ಪತ್ರಿಕೆ ಹುಟ್ಟಿಸಿದವರಿಗಿಂತ ಮುಚ್ಚಿದವರೇ ಹೆಚ್ಚು ಅನುಭವಸ್ಥರು. ಆದರೆ ಸತ್ತ ಪತ್ರಿಕೆ ತನ್ನ ಹಳೆಯ ಸಂಚಿಕೆಗಳನ್ನೆಲ್ಲ ಜೊತೆಗೇ ಚಿತೆಗೆ ಎಳೆದುಕೊಂಡು ಹೋಗುತ್ತದಲ್ಲ, ಅದು ಹೊಸತು.

‘ಡ್ರ್ಯಾಗನ್’ ವಂಶಾವಳಿಯನ್ನೇ ನೋಡಿ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ಆಟ ಹೊರತಂದರು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಚಿಕ್ಕ ಊರಿನಿಂದ, 1976ರ ಜೂನ್‌ನಲ್ಲಿ ಪತ್ರಿಕೆ ಬಂತು. 1997ರಲ್ಲಿ ಮೂಲ ಕಂಪನಿ ಟಿಎಸ್‌ಆರ್ ಅನ್ನು ವಿಝರ್ಡ್ಸ್ ಆಫ್ ದಿ ಕೋಸ್ಟ್ ಕೊಂಡಿತು. ಎರಡು ವರ್ಷದಲ್ಲಿ ವಿಝರ್ಡ್ಸನ್ನೇ ಹಾಸ್‌ಬ್ರೊ ನುಂಗಿತು. 2007ರ ಸೆಪ್ಟೆಂಬರ್‌ನಲ್ಲಿ 359ನೇ ಸಂಚಿಕೆಯೊಂದಿಗೆ ಮುದ್ರಣ ನಿಂತಿತು. ಆನ್‌ಲೈನ್‌ನಲ್ಲಿ 2013ರ ಕೊನೆಯವರೆಗೆ ಕುಂಟುತ್ತ ನಡೆಯಿತು. 2015ರಲ್ಲಿ ‘ಪ್ಲಸ್’ ಅಂಟಿಸಿಕೊಂಡು ಮೊಬೈಲ್ ಆ್ಯಪ್ ಆಗಿ ಮರುಹುಟ್ಟು ಪಡೆಯಿತು. 2022ರಲ್ಲಿ ಅದೂ ಬಂದ್. ಬಂದ್ ಆಗಿದ್ದಷ್ಟೇ ಅಲ್ಲ, ಹಳೆಯ ಸಂಚಿಕೆಗಳನ್ನೂ ತೆಗೆದುಹಾಕಿದರು.

ಈಗ ತಮಾಷೆ ಏನೆಂದರೆ, 1979ರ ‘ಡ್ರ್ಯಾಗನ್’ ಬೇಕೆಂದರೆ ಇವತ್ತೂ ಸಿಗುತ್ತದೆ. ಯಾವುದೋ ಮನೆಯ ಅಟ್ಟದಲ್ಲಿದ್ದದ್ದು ಹರಾಜಿಗೆ ಬಂದಿರುತ್ತದೆ. ದುಡ್ಡು ಬಿಸಾಕಿದರೆ ಅಂಚೆಯಲ್ಲಿ ಬರುತ್ತದೆ. 2019ರ ಸಂಚಿಕೆಯನ್ನು ಮಾತ್ರ ಹೊರತಂದವರ ಹತ್ತಿರವೇ ಹೋಗಿ ಕೇಳಿದರೂ ಕೊಡುವ ಕಿಟಕಿ ಇಲ್ಲ.

ಈತನ ಹಳೇ ರಾಗ ಶುರುವಾಯಿತು ಎಂದು ಈ ಅಂಕಣದ ಕಾಯಂ ಓದುಗರು ಪುಟ ತಿರುಗಿಸಬಹುದು. ತಿರುಗಿಸಿ, ತಿರುಗಿಸಲು ಪುಟವಾದರೂ ಇದೆಯಲ್ಲ. ನನ್ನ ಪ್ರಕಾರ ಈ ದೇಶದ ಅತಿ ದೊಡ್ಡ ಗ್ರಂಥಪಾಲಕ ರದ್ದಿ ಅಂಗಡಿಯವನು. ಬೆಂಗಳೂರಿನ ಅವೆನ್ಯೂ ರಸ್ತೆಯ ಸಂದಿಯೊಂದರಲ್ಲಿ ಒಮ್ಮೆ ಹಳೆಯ ಕನ್ನಡ ವಾರಪತ್ರಿಕೆಯ ಕಟ್ಟು ಸಿಕ್ಕಿತು. ಸಣಬಿನ ಹುರಿಯಲ್ಲಿ ಅಡ್ಡಡ್ಡ ಉದ್ದುದ್ದ ಬಿಗಿದದ್ದು. ಮೇಲಿನ ಸಂಚಿಕೆಯ ಮುಖಪುಟಕ್ಕೆ ಹುರಿಯ ಗೀರು ಬಿದ್ದಿತ್ತು. ಒಳಗೆ ಪ್ರತಿ ಸಂಚಿಕೆಯಲ್ಲೂ ಪದಬಂಧ ಅರ್ಧಕ್ಕೆ ನಿಂತಿದೆ. ಎಡದಿಂದ ಬಲಕ್ಕೆ ಎಲ್ಲ ತುಂಬಿದ್ದಾರೆ, ಮೇಲಿನಿಂದ ಕೆಳಕ್ಕೆ ಒಂದಕ್ಷರವೂ ಇಲ್ಲ. ಯಾವ ಜಿದ್ದೋ ಏನೋ. “ಯಾರ ಮನೇದಪ್ಪ ಇದು?” ಎಂದೆ. “ಯಾರೋ ತೀರ್ಕೊಂಡ್ರು ಸಾರ್, ಮಕ್ಳು ತೂಕಕ್ಕೆ ಹಾಕಿದ್ರು. ಬೇಕಾದ್ರೆ ಎತ್ಕೊಳ್ಳಿ, ಇಲ್ಲಾಂದ್ರೆ ಪೊಟ್ಟಣಕ್ಕೆ ಹೋಗತ್ತೆ.” ಎತ್ತಿಕೊಂಡೆ.

ಆ ಅಂಗಡಿಯವನಿಗೆ ಸಂರಕ್ಷಣೆಯ ಯಾವ ಕನಸೂ ಇಲ್ಲ. ಅವನ ಶಕ್ತಿ ಇರುವುದು ಅವನ ಅಶಕ್ತಿಯಲ್ಲಿ. ತನ್ನ ಅಂಗಡಿಯ ಪ್ರತಿಯನ್ನು ಪೊಟ್ಟಣ ಮಾಡಬಲ್ಲ, ಊರಿನ ಉಳಿದ ಪ್ರತಿಗಳನ್ನು ಮುಟ್ಟಲಾರ. ಪತ್ರಿಕೆಯ ಮಾಲೀಕನೂ ಅಷ್ಟೆ. ಅಚ್ಚಾಗಿ ಅಂಚೆಗೆ ಬಿದ್ದ ಮೇಲೆ ಅವನ ಅಧಿಕಾರ ಮುಗಿಯಿತು. ಆನ್‌ಲೈನ್ ಪತ್ರಿಕೆಯಲ್ಲಿ ಹಾಗಲ್ಲ, ಇರುವುದು ಒಂದೇ ಪ್ರತಿ. ನಾವೆಲ್ಲ ಅದನ್ನು ಅವನ ಕಿಟಕಿಯಲ್ಲಿ ಇಣುಕಿ ನೋಡುತ್ತಿದ್ದೆವು, ಅಷ್ಟೇ. ಬಾಗಿಲು ಹಾಕಿದ, ಇಣುಕಿದ್ದೂ ಹೋಯಿತು.

ಆಟದ ಪತ್ರಿಕೆ ಹೋದರೆ ದೇಶ ಮುಳುಗುತ್ತದೆಯೇ ಎಂದು ಕೇಳುವವರಿದ್ದಾರೆ. ಇಂಥವರು ಸಾಮಾನ್ಯವಾಗಿ ಕ್ರಿಕೆಟ್ ಪುಟವನ್ನು ಮೂರು ಸಲ ಓದುವವರು. ಇರಲಿ. 2023ರ ಜನವರಿಯಲ್ಲಿ ನಡೆದದ್ದು ನೆನಪಿದೆಯೇ? ಇದೇ ಆಟದ ನಿಯಮಗಳನ್ನು ಬಳಸಿ ಯಾರು ಬೇಕಾದರೂ ತಮ್ಮ ಪುಸ್ತಕ, ಕಥಾನಕ ಮಾಡಿ ಮಾರಬಹುದೆಂಬ ಮುಕ್ತ ಪರವಾನಗಿ 2000ನೇ ಇಸವಿಯಿಂದ ಇತ್ತು. ಅದನ್ನು ನಂಬಿ ನೂರಾರು ಸಣ್ಣ ಪ್ರಕಾಶಕರು ಅಂಗಡಿ ತೆರೆದಿದ್ದರು. ವಿಝರ್ಡ್ಸ್ ಕಂಪನಿ ಅದನ್ನು ಸದ್ದಿಲ್ಲದೆ ಬಿಗಿ ಮಾಡಲು ಹೊರಟಿತ್ತು. ಹೊಸ ಕರಡು ‘ಐಓ9’ ಪತ್ರಿಕೆಯ ಲಿನ್ ಕೊಡೆಗಾ ಕೈಗೆ ಸಿಕ್ಕಿತು, ಅವರು ಬರೆದರು. ಆಟಗಾರರು ರೊಚ್ಚಿಗೆದ್ದು ಕಂಪನಿಯ ಆನ್‌ಲೈನ್ ಸೇವೆಯ ಚಂದಾ ರದ್ದು ಮಾಡತೊಡಗಿದರು. ತಿಂಗಳು ಮುಗಿಯುವುದರೊಳಗೆ ಕಂಪನಿ ಕೈಮುಗಿದು, ಮೂಲ ನಿಯಮಗಳನ್ನೇ ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಗೆ ಬಿಟ್ಟುಕೊಟ್ಟಿತು. ದೊಡ್ಡ ಪತ್ರಿಕೆಗಳಿಗೆ ಇಂಥ ಸುದ್ದಿಯ ವಾಸನೆಯೂ ಬಡಿಯುವುದಿಲ್ಲ, ಆ ಸಣ್ಣ ಲೋಕದಲ್ಲೇ ಬೆಳೆದ ಮೂಗು ಬೇಕು. ಆ ಮೂಗಿಗೆ ಸಿಕ್ಕ ಬಹುಮಾನವೇನು? ಅದೇ ವರ್ಷದ ನವೆಂಬರ್‌ನಲ್ಲಿ ಕೊಡೆಗಾ ಕೆಲಸ ಕಳೆದುಕೊಂಡರು. 2024ರಲ್ಲಿ ಸಮಾನಮನಸ್ಕರ ಜೊತೆ ಸೇರಿ ‘ರಾಸ್ಕಲ್’ ಎಂಬ ಸ್ವಂತ ಪತ್ರಿಕೆ ತೆರೆದರು. ಬರೆಯುವವರೇ ಮಾಲೀಕರು, ಓದುಗರ ಚಂದಾವೇ ಬಂಡವಾಳ. ಎಷ್ಟು ದಿನವೋ, ನಡೆಯಲಿ.

ಇನ್ನೊಂದು ವಿಷಯ. ಹಲಗೆ, ಕಾಯಿ, ದಾಳ ಇವು ಹೇಗೋ ಉಳಿದುಕೊಳ್ಳುತ್ತವೆ. ಉಳಿಯದಿರುವುದು ಆಡುವ ರೀತಿ. ಲಿಯೊನಾರ್ಡ್ ವೂಲಿ 1920ರ ದಶಕದಲ್ಲಿ ಇರಾಕಿನ ಊರ್ ನಗರದ ಗೋರಿಗಳಿಂದ ನಾಲ್ಕೂವರೆ ಸಾವಿರ ವರ್ಷ ಹಳೆಯ ಆಟದ ಹಲಗೆಗಳನ್ನು ತೆಗೆದ. ಚಿಪ್ಪಿನ ಕೆತ್ತನೆ, ನೀಲಿ ಕಲ್ಲು, ನೋಡಲು ಎರಡು ಕಣ್ಣು ಸಾಲದು. ಆದರೆ ಹೇಗೆ ಆಡುವುದೆಂದು ಒಬ್ಬರಿಗೂ ಗೊತ್ತಿರಲಿಲ್ಲ. ಕ್ರಿಸ್ತಪೂರ್ವ 2ನೇ ಶತಮಾನದ ಬ್ಯಾಬಿಲೋನಿನ ಲಿಪಿಕಾರನೊಬ್ಬ ಜೇಡಿಮಣ್ಣಿನ ಫಲಕದ ಮೇಲೆ ಇದೇ ಕುಲದ ಆಟದ ನಿಯಮ ಗೀಚಿಟ್ಟಿದ್ದ. ಬ್ರಿಟಿಷ್ ಮ್ಯೂಸಿಯಮ್ಮಿನ ಅರ್ವಿಂಗ್ ಫಿಂಕೆಲ್ ಅದನ್ನು ಓದಿ ಬಿಡಿಸಿದ ಮೇಲೆ ಹಲಗೆಗೆ ಜೀವ ಬಂತು. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇದು ಗೊತ್ತಿತ್ತೆಂದು ಕಾಣುತ್ತದೆ. ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯನ್ನು ಆಟಗಳಿಗೇ ಮೀಸಲಿಟ್ಟು, ಗಂಜೀಫಾದ ಎಲೆಗಳನ್ನು, ಹಲಗೆಯಾಟಗಳನ್ನು ಚಿತ್ರ ಸಮೇತ ಬರೆಸಿಟ್ಟ ದೊರೆ ಆತ. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು ಹಳೆಯ ಆಟಗಳನ್ನು ಮತ್ತೆ ಮಾಡಿಸಿ ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳಲ್ಲಿ ಇಡುತ್ತ ಬಂದಿದ್ದಾರಲ್ಲ, ಅಂಥ ಕೆಲಸಕ್ಕೆ ಬರೆದಿಟ್ಟದ್ದೇ ಆಧಾರ. ದೊರೆ ಅದನ್ನು ಆ್ಯಪ್‌ನಲ್ಲಿ ಹಾಕಿಸಲಿಲ್ಲ, ಪುಣ್ಯ.

ಪತ್ರಿಕೆಯಲ್ಲಿ ಇರುತ್ತಿದ್ದದ್ದು ನಿಯಮಕ್ಕಿಂತ ಹೆಚ್ಚಿನದು, ಅಂದರೆ ನಿಯಮದ ಮೇಲಿನ ಜಗಳ. ‘ಡ್ರ್ಯಾಗನ್’ನಲ್ಲಿ 1979ರಲ್ಲಿ ಜೀನ್ ವೆಲ್ಸ್ ಶುರುಮಾಡಿದ ‘ಸೇಜ್ ಅಡ್ವೈಸ್’ ಎಂಬ ಪ್ರಶ್ನೋತ್ತರ ಅಂಕಣ ದಶಕಗಟ್ಟಲೆ ನಡೆಯಿತು. ಓದುಗರು ಮೊಂಡು ಪ್ರಶ್ನೆ ಕೇಳುತ್ತಿದ್ದರು, ಉತ್ತರ ಕೊಡುವವರು ಒಮ್ಮೊಮ್ಮೆ ಗದರುತ್ತಿದ್ದರು. ಪುಸ್ತಕದಲ್ಲಿ ಹೀಗೆ ಬರೆದಿದೆ ಸರಿ, ಆದರೆ ಜನ ಹೇಗೆ ಆಡುತ್ತಿದ್ದರು ಎಂಬುದು ಗೊತ್ತಾಗುವುದು ಇಂಥಲ್ಲೇ. ಚೌಕಾಬಾರದಲ್ಲಿ ಕಾಯಿ ಕಡಿದರೆ ಇನ್ನೊಂದು ಆಟ ಉಂಟೋ ಇಲ್ಲವೋ ಎಂದು ನಮ್ಮ ಅಜ್ಜಿ ಮತ್ತು ಪಕ್ಕದ ಮನೆಯವರ ನಡುವೆ ವರ್ಷಗಟ್ಟಲೆ ಮಾತು ಬಿಟ್ಟುಹೋಗಿತ್ತು. ಆ ವ್ಯಾಜ್ಯದ ದಾಖಲೆ ಎಲ್ಲೂ ಇಲ್ಲ. ಇದ್ದಿದ್ದರೆ ಆ ಬೀದಿಯ ಅರ್ಧ ಚರಿತ್ರೆ ಸಿಗುತ್ತಿತ್ತು.

ಹಾಗಾದರೆ ಕಂಪನಿಗಳೇ ಉಳಿಸಲಿ ಎನ್ನುತ್ತೀರಾ? ಒಮ್ಮೆ ಪ್ರಯತ್ನಪಟ್ಟು ಕೈ ಸುಟ್ಟುಕೊಂಡಿವೆ. 1999ರಲ್ಲಿ ‘ಡ್ರ್ಯಾಗನ್’ನ ಮೊದಲ 250 ಸಂಚಿಕೆಗಳನ್ನು ಸಿಡಿಗಳಲ್ಲಿ ತುಂಬಿ ಮಾರಿದರು. ಅದರಲ್ಲಿ ‘ನೈಟ್ಸ್ ಆಫ್ ದಿ ಡಿನ್ನರ್ ಟೇಬಲ್’ ಎಂಬ ವ್ಯಂಗ್ಯಚಿತ್ರ ಮಾಲಿಕೆಯೂ ಇತ್ತು, ಮರುಪ್ರಕಟಣೆಗೆ ಒಪ್ಪಿಗೆ ಮಾತ್ರ ಇರಲಿಲ್ಲ. ಹಕ್ಕು ಹೊಂದಿದ್ದ ಕೆಂಝರ್ ಕಂಪನಿ ಸುಮ್ಮನಿರುತ್ತದೆಯೇ? ರಾಜಿಯಲ್ಲಿ ಹಳೆಯ ಡಿ ಅಂಡ್ ಡಿ ಆಧರಿಸಿ ಆಟ ಮಾಡುವ ಪರವಾನಗಿಯನ್ನೇ ಗಿಟ್ಟಿಸಿಕೊಂಡು ‘ಹ್ಯಾಕ್‌ಮಾಸ್ಟರ್’ ಎಂಬ ಆಟ ಹೊರತಂದಿತು. ಬರೆದವರಿಗೆ, ಬಿಡಿಸಿದವರಿಗೆ ಸಲ್ಲಬೇಕಾದದ್ದು ಸಲ್ಲಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ವಕೀಲರು ಅದರಿಂದ ಕಲಿತ ಪಾಠವೇ ಬೇರೆ: ಹಳೆಯದನ್ನು ಮುಟ್ಟುವುದೇ ಬೇಡ.

ಮತ್ತೆ ಉಳಿಸುವವರು ಯಾರು? ನನ್ನ ಅಳಿಯ ಹೇಳಿದ ಆ ‘ಯಾರೋ ಒಬ್ರು’. ಸ್ಕ್ಯಾನ್ ಮಾಡುವ ಹವ್ಯಾಸಿಗಳು, ಕಾನೂನಿನ ಕಣ್ಣಲ್ಲಿ ಅರ್ಧ ಕಳ್ಳರು. ಇಲ್ಲವೇ ಸ್ಯಾನ್‌ಫ್ರಾನ್ಸಿಸ್ಕೋದ ಇಂಟರ್ನೆಟ್ ಆರ್ಕೈವ್. 1996ರಿಂದ ವೆಬ್ ಪುಟಗಳನ್ನು ಬಾಚಿ ಇಡುತ್ತಿರುವ ಈ ಸಂಸ್ಥೆಯನ್ನು ದೊಡ್ಡ ಪ್ರಕಾಶಕರು ಕೋರ್ಟಿಗೆಳೆದು 2024ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿಯಲ್ಲೂ ಗೆದ್ದರು. ಎರವಲು ಕೊಡುತ್ತಿದ್ದ 5 ಲಕ್ಷಕ್ಕೂ ಹೆಚ್ಚು ಪುಸ್ತಕಗಳನ್ನು ಅದು ಹಿಂತೆಗೆದುಕೊಳ್ಳಬೇಕಾಯಿತು. ಮರುತಿಂಗಳೇ ಸೈಬರ್ ದಾಳಿ ನಡೆದು ದಿನಗಟ್ಟಲೆ ಬಾಗಿಲು ಮುಚ್ಚಿತ್ತು. ಅಮೆರಿಕದ ಕಥೆ ನಮಗೇಕೆ ಎನ್ನಬೇಡಿ. ಬೆಂಗಳೂರಿನ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಬಳಗ ಸ್ಕ್ಯಾನ್ ಮಾಡಿದ ಸಾವಿರಾರು ಕನ್ನಡ ಪುಸ್ತಕ, ಪತ್ರಿಕೆಗಳು ಇರುವುದೂ ಅಲ್ಲೇ. ನಮ್ಮಲ್ಲಿ 1954ರ ಕಾಯ್ದೆಯ ಪ್ರಕಾರ ಅಚ್ಚಾದ ಪುಸ್ತಕದ ಪ್ರತಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋಗಬೇಕು, 1956ರ ತಿದ್ದುಪಡಿಯ ನಂತರ ಪತ್ರಿಕೆಗಳೂ. ಆನ್‌ಲೈನ್ ಪತ್ರಿಕೆಯ ಕಲ್ಪನೆ ಆ ಕಾಯ್ದೆಗೆ ಬರಲು ಕಂಪ್ಯೂಟರೇ ಇನ್ನೂ ಸರಿಯಾಗಿ ಹುಟ್ಟಿರಲಿಲ್ಲ. ಈಗ ಹುಟ್ಟಿ, ಬೆಳೆದು, ನಮ್ಮನ್ನೇ ಸಾಕುತ್ತಿದೆ. ಕನ್ನಡದ ಜಾಲಪತ್ರಿಕೆಗಳಲ್ಲಿ ಬರೆಯುವ ಕವಿಗಳು ತಮ್ಮ ಪದ್ಯದ ಒಂದು ಪ್ರಿಂಟ್ ತೆಗೆದು ಬೀರುವಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ದಾರಿ ಇಲ್ಲವೆಂದಲ್ಲ. ಟೆಕ್ಸಸ್‌ನ ಸ್ಟೀವ್ ಜಾಕ್ಸನ್ ಗೇಮ್ಸ್ ಎಂಬ ಕಂಪನಿಯ ‘ಪಿರಮಿಡ್’ ಪತ್ರಿಕೆ 1993ರಲ್ಲಿ ಕಾಗದದಲ್ಲಿ ಹುಟ್ಟಿತು, 1998ರಲ್ಲಿ ಆನ್‌ಲೈನ್‌ಗೆ ಹೋಯಿತು, 2008ರಿಂದ ತಿಂಗಳಿಗೊಂದು ಪಿಡಿಎಫ್ ಆಯಿತು, ಲೆಕ್ಕ ಹೊಂದದೆ 2018ರ ಡಿಸೆಂಬರ್‌ನಲ್ಲಿ ನಿಂತಿತು. ಆದರೆ ಆ ಪಿಡಿಎಫ್‌ಗಳನ್ನು ಕೊಂಡವರ ಕಂಪ್ಯೂಟರಿನಲ್ಲಿ ಅವು ಇವತ್ತಿಗೂ ಇವೆ. ಕಂಪನಿ ಮನಸ್ಸು ಬದಲಾಯಿಸಿದರೂ ಅವರ ಮನೆಗೆ ನುಗ್ಗಿ ಅಳಿಸಲಾಗದು. ಅಷ್ಟು ಸಾಕು ನನಗೆ. ಮುಚ್ಚುವ ಮುಂಚೆ ಎಲ್ಲ ಸಂಚಿಕೆಗಳನ್ನೂ ಇಳಿಸಿಕೊಳ್ಳಲು ಬಿಡಿ, ಒಂದು ಪ್ರತಿಯನ್ನು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿರುವ ಸ್ಟ್ರಾಂಗ್ ಆಟಗಳ ಮ್ಯೂಸಿಯಂ ತರಹದ ಕಡೆಗೆ ಕಳಿಸಿ, ಆಮೇಲೆ ಬೇಕಾದರೆ ಬೀಗ ಜಡಿದು ಮನೆಗೆ ಹೋಗಿ. ಇದಕ್ಕೆ ತಗಲುವ ಖರ್ಚು ಕಂಪನಿಯ ಒಂದು ಮೀಟಿಂಗಿನ ಕಾಫಿ ಬಿಲ್ಲಿಗಿಂತ ಹೆಚ್ಚಾಗಲಾರದು.

ಆದರೆ ಚರಿತ್ರೆಯ ಬೆಲೆ ವಿಝರ್ಡ್ಸ್‌ನವರಿಗೆ ಗೊತ್ತಿಲ್ಲ ಎಂದರೆ ಅನ್ಯಾಯವಾದೀತು. ಬಹಳ ಚೆನ್ನಾಗಿ ಗೊತ್ತಿದೆ, 99 ಡಾಲರ್ 99 ಸೆಂಟ್. 2024ರಲ್ಲಿ ಆಟಕ್ಕೆ ಐವತ್ತು ತುಂಬಿದಾಗ 1970ರ ದಶಕದ ಕರಡು ಹಾಳೆಗಳನ್ನೂ ಹಳೆಯ ಪತ್ರಗಳನ್ನೂ ಸೇರಿಸಿ 500ಕ್ಕೂ ಹೆಚ್ಚು ಪುಟಗಳ ಭಾರೀ ಪುಸ್ತಕ ತಂದು ಆ ಬೆಲೆಗೆ ಮಾರಿದರು. 2074ರಲ್ಲಿ ನೂರು ತುಂಬುತ್ತದೆ. ಆಗ ‘ಡ್ರ್ಯಾಗನ್ ಪ್ಲಸ್’ನ ಪುಟಗಳು ಬೇಕಾದರೆ ಇದೇ ಕಂಪನಿಯವರು ಕದ್ದು ಸೇವ್ ಮಾಡಿಕೊಂಡ ಹುಡುಗರ ಬಾಗಿಲು ತಟ್ಟಬೇಕು. ಹುಡುಗರು ಆಗ ಮುದುಕರಾಗಿರುತ್ತಾರೆ. ಬೆಲೆ ಹೇಳುವಾಗ ಆ ಒಂದು ಸೆಂಟನ್ನೂ ಬಿಡದಿರಲಿ.