ಮರಳುನಾಡಿನ ಚಳಿಗಾಲವೂ ಯಂತ್ರಗರಗಸವೂ

ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರ ತನಕ ಬಯಲಿನ ದುಡಿಮೆಯನ್ನು ನಿಷೇಧಿಸುವ ಒಮಾನ್ ದೇಶದಲ್ಲಿ, ಅರಬ್ಬೀ ಸಮುದ್ರತೀರದ ದುಕ್ಮ್‌ನಂಥ ಊರಿಗೆ ಚಳಿಗಾಲವೇ ಹೊರಗೆಲಸಕ್ಕೆ ಪ್ರಶಸ್ತ ಕಾಲವಾದುದರಿಂದ, ನಾವು ಬಳ್ಳಾರಿ ಜಾಲಿಯೆಂದು ಕರೆಯುವ ಕಂಟಕವೃಕ್ಷವನ್ನು ಕಡಿಯಲು ಆಗ ಯಂತ್ರಗರಗಸವನ್ನೆತ್ತುವವನು ಮರಳನ್ನೂ ಉಪ್ಪುಗಾಳಿಯನ್ನೂ ತನ್ನ ಯಂತ್ರದ ಪ್ರಥಮ ಶತ್ರುಗಳೆಂದು ತಿಳಿಯತಕ್ಕದ್ದು. ತೊಗಟೆಯಲ್ಲಿ ಸಿಕ್ಕಿದ ಮರಳು ಚೈನಿನ ಹಲ್ಲುಗಳನ್ನು ಬಹುಬೇಗ ಮೊಂಡಾಗಿಸುವುದು. ಹರಿತವಾದ ಹಲ್ಲು ಚಕ್ಕೆಗಳನ್ನು ಉದುರಿಸಿದರೆ ಮೊಂಡಾದುದು ಹಿಟ್ಟಿನಂಥ ಧೂಳನ್ನು ಚೆಲ್ಲುವುದು, ಆಗ ಬಲಪ್ರಯೋಗವನ್ನು ಬಿಟ್ಟು ಅರವನ್ನು ಕೈಗೆತ್ತಿಕೊಳ್ಳುವುದೇ ವಿವೇಕ. ಕೆಲಸದಲ್ಲಿ ಕಾದು ಹಿಗ್ಗಿದ ಚೈನನ್ನು ಬಿಗಿಗೊಳಿಸಿ ಹಾಗೆಯೇ ಇರಿಸಿದರೆ, ರಾತ್ರಿಯ ತಂಪಿನಲ್ಲಿ ಅದು ಕುಗ್ಗಿ ಯಂತ್ರದ ದಂಡವನ್ನೇ ಜಗ್ಗುವುದರಿಂದ, ಸಂಜೆ ಅದನ್ನು ಸಡಿಲಿಸಿ, ಏರ್ ಫಿಲ್ಟರಿನ ಧೂಳು ಕೊಡವಿ, ಎಣ್ಣೆ ಸವರಿಡುವುದು ಕರ್ತವ್ಯ. ಚೈನು ಸುತ್ತುವ ಪಟ್ಟಿಯ ತುದಿಯ ಮೇಲ್ಭಾಗ ಮರಕ್ಕೆ ತಾಗಿದೊಡನೆ ಗರಗಸ ಹಿಡಿದವನ ಮುಖದೆಡೆಗೆ ಚಿಮ್ಮಬಲ್ಲುದಾದ ಕಾರಣ, ಎರಡೂ ಕೈಗಳ ಭದ್ರ ಹಿಡಿತ, ಸುಸ್ಥಿತಿಯ ಚೈನ್ ಬ್ರೇಕ್, ಕಣ್ಣು ಕಿವಿ ಕಾಲುಗಳ ಕವಚ ಇವು ಅನಿವಾರ್ಯ. ಇವೆಲ್ಲಕ್ಕೂ ಮೊದಲು, ವಿಜಯದಶಮಿಯಂದು ನಾವು ಪೂಜಿಸುವ ಬನ್ನಿಯೇ ಆ ನಾಡಿನಲ್ಲಿ ಗಾಫ್ ಎಂಬ ಹೆಸರಿನಿಂದ ಬೆಳೆಯುತ್ತಿರುವುದರಿಂದ, ಜಾಲಿಯ ಸಮೀಪಬಂಧುವಾದ ಆ ಮರವನ್ನು ಗುರುತಿಸಿ ಉಳಿಸಿರೆಂದು ಅಲ್ಲಿನ ಕನ್ನಡಿಗರಲ್ಲಿ ನನ್ನ ಪ್ರಾರ್ಥನೆ.